ಎಂಬಿಎ ಪೂರ್ಣ ವಿದ್ಯಾರ್ಥಿವೇತನ: ಅರ್ಜಿ ಬಲಪಡಿಸುವ ಬಗ್ಗೆ

ವಿದೇಶದಲ್ಲಿ ಎಂಬಿಎ ಮಾಡಬಯಸುವ ಮಂಗಳೂರು, ಉಡುಪಿಯವರು ಮೊದಲು ಗಮನಿಸಬೇಕಾದದ್ದು, ಎಲ್ಲ ಸಂಸ್ಥೆಗಳೂ ಒಂದೇ ಮಾನದಂಡದಿಂದ ನೆರವು ನೀಡುವುದಿಲ್ಲ ಎಂಬುದನ್ನು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಅಭ್ಯರ್ಥಿಯ ಆರ್ಥಿಕ ಅಗತ್ಯವನ್ನು ನೋಡುತ್ತದೆ. ಆದ್ದರಿಂದ ಅಲ್ಲಿಗೆ ಆದಾಯ, ಉಳಿತಾಯ ಮತ್ತು ಸಾಲದ ದಾಖಲೆಗಳು ಅಚ್ಚುಕಟ್ಟಾಗಿರಬೇಕು. ಷಿಕಾಗೋ ವಿಶ್ವವಿದ್ಯಾಲಯದ ಬೂತ್ ಬಿಸಿನೆಸ್ ಸ್ಕೂಲ್‌ನಂತಹ ಕಡೆ ಅರ್ಹತೆಗೂ (ಮೆರಿಟ್) ತೂಕವಿದೆ. ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನ ಅಂಕಗಳು (ಈಗ 205ರಿಂದ 805ರವರೆಗೆ) ಬಾಗಿಲು ತೆರೆಯಬಹುದಾದರೂ ಹಣ ತರುವುದು ಹೆಚ್ಚಾಗಿ ಅರ್ಜಿಯೊಂದಿಗೆ ಬರೆಯುವ ಪ್ರಬಂಧವೇ ಎಂಬುದು ನನ್ನ ಅಭಿಪ್ರಾಯ. ಗೇರುಬೀಜ ಕಾರ್ಖಾನೆಯಲ್ಲಿ ದುಡಿದವರು ‘ನನ್ನಲ್ಲಿ ನಾಯಕತ್ವದ ಗುಣವಿದೆ’ ಎಂದು ಬರೆಯುವ ಬದಲು, ಸಂಸ್ಕರಣೆಯಲ್ಲಿ ತುಂಡಾಗುತ್ತಿದ್ದ ತಿರುಳಿನ ಪ್ರಮಾಣವನ್ನು ತಮ್ಮ ಯಾವ ನಿರ್ಧಾರದಿಂದ, ಯಾರ ವಿರೋಧದ ನಡುವೆ, ಎಷ್ಟು ಇಳಿಸಿದರು ಎಂಬುದನ್ನು ಅಂಕಿಗಳೊಂದಿಗೆ ವಿವರಿಸಬೇಕು. ಶಿಫಾರಸು ಪತ್ರಕ್ಕಾಗಿ ಬ್ಯಾಂಕಿನ ಉನ್ನತ ಹುದ್ದೆಯಲ್ಲಿರುವ ಬಂಧುಗಳನ್ನು (ನಮ್ಮ ಜಿಲ್ಲೆಗಳಲ್ಲಿ ಅಂಥವರಿಗೇನೂ ಕೊರತೆಯಿಲ್ಲ) ಆಶ್ರಯಿಸದೆ, ನಿಮ್ಮ ಕೆಲಸವನ್ನು ನಿತ್ಯ ಕಂಡ ಮೇಲಧಿಕಾರಿಯನ್ನೇ ಕೇಳಿ, ಅವರಿಗೆ ಕನಿಷ್ಠ ಒಂದೂವರೆ ತಿಂಗಳ ಅವಕಾಶ ಕೊಡಿ. ಅಮೆರಿಕದ ಪ್ರಮುಖ ಸಂಸ್ಥೆಗಳ ಅರ್ಜಿ ಸಲ್ಲಿಕೆಯ ಮೊದಲ ಸುತ್ತು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯುವುದರಿಂದ, ಜಿಮ್ಯಾಟನ್ನು ಜುಲೈ ಒಳಗೆ ಬರೆದಿರುವುದು ಕ್ಷೇಮ.