ಮನಸ್ಸಿನ ಮಾತಿಗೆ ಓಚರ್ ಕೇಳಲು ಕಲಿತದ್ದು

ದಿನಾ ಬೆಳಿಗ್ಗೆ ವಾಟ್ಸಾಪಿಗೆ ಸೂರ್ಯೋದಯದ ಚಿತ್ರದ ಜೊತೆ ‘ಒಳ್ಳೆಯದನ್ನೇ ಯೋಚಿಸಿ, ಒಳ್ಳೆಯದೇ ಆಗುತ್ತದೆ’ ಎಂದು ಬರುತ್ತದಲ್ಲ, ಅದರಿಂದ ನನಗೆ ಒಂದು ದಿನವೂ ಉಪಯೋಗವಾಗಲಿಲ್ಲ. ಕಳಿಸುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಬೆಂಗಳೂರಿನಲ್ಲಿರುವ ಮಗ ರಾತ್ರಿ ಫೋನ್ ಎತ್ತದಿದ್ದರೆ ಬೈಕು ಎಲ್ಲೋ ಬಿತ್ತು ಎಂದೇ ನಂಬಿ ಕೂರುವವಳು ನಾನು. ಆಗ ‘ಎಲ್ಲ ಸರಿಯಾಗಿದೆ’ ಎಂದು ಹೇಳಿಕೊಂಡರೆ ಮನಸ್ಸು ‘ನಿನಗೆ ಹೇಗೆ ಗೊತ್ತು?’ ಎಂದು ತಿರುಗಿ ಕೇಳುತ್ತಿತ್ತು. ನ್ಯಾಯವಾದ ಪ್ರಶ್ನೆಯೇ. ಅದೇ ಪ್ರಶ್ನೆಯನ್ನು ಭಯಕ್ಕೂ ಹಾಕಬಹುದು ಎಂದು ಗೊತ್ತಾಗಲು ನನಗೆ ಬಹಳ ಕಾಲ ಹಿಡಿಯಿತು.

ಶಿರಸಿ ಕಡೆಯ ಒಂದು ಸಹಕಾರಿ ಸಂಘದಲ್ಲಿ ನಾನು ಕ್ಯಾಷಿಯರ್. ಎದೆ ಡವಗುಟ್ಟುವುದು ಹೆಚ್ಚಾದಾಗ ಇಸಿಜಿ, ಥೈರಾಯ್ಡ್ ಎಲ್ಲ ಮಾಡಿಸಿದ್ದಾಯಿತು. ಯಾವುದರಲ್ಲೂ ತೊಂದರೆ ಸಿಗಲಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರು ಬರುತ್ತಾರೆ, ಅವರಿಗೊಮ್ಮೆ ತೋರಿಸಿ ಎಂದು ಡಾಕ್ಟರು ಹೇಳಿದರು. ಪರಿಚಯದವರು ನೋಡಿದರೆ ಏನಂದುಕೊಂಡಾರು ಎಂಬ ಅಳುಕಿನಲ್ಲೇ ಹೋದೆ. ಅಲ್ಲಿ ಪರಿಚಯದವರೇ ಸಾಲಿನಲ್ಲಿದ್ದರು! ನನ್ನ ಕೆಲಸ ಏನೆಂದು ಕೇಳಿ ತಿಳಿದ ವೈದ್ಯರು, ‘ಹಾಗಾದರೆ ಮನಸ್ಸಿನ ಲೆಕ್ಕವನ್ನೂ ಬರೆಯಿರಿ ಮೇಡಂ, ನಿಮಗೆ ಹೇಳಿಕೊಡಬೇಕಾದ್ದು ಹೆಚ್ಚಿಲ್ಲ’ ಎಂದರು.

ಮನಸ್ಸಿನ ಮಾತನ್ನು ಹಿಡಿದು ಪರೀಕ್ಷಿಸುವ ಈ ದಾರಿಯನ್ನು 1960ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಆರನ್ ಬೆಕ್ ರೂಪಿಸಿದರು ಎಂದು ಆಮೇಲೆ ಓದಿ ತಿಳಿದೆ. ಒಂದು ಸಂಗತಿ ನಡೆದ ಕೂಡಲೇ ನಮಗರಿವಿಲ್ಲದೆ ತಲೆಯಲ್ಲೊಂದು ವಾಕ್ಯ ಮೂಡಿ ಮರೆಯಾಗುತ್ತದೆ. ಸಂಕಟವೆಲ್ಲ ಆ ವಾಕ್ಯದ್ದು. ಅದನ್ನು ಹಿಡಿದು ಪರೀಕ್ಷೆಗೆ ಒಡ್ಡಬೇಕು, ಓಡಿಸಲು ಹೋಗಬಾರದು. ಓಡಿಸಿದರೆ ಏನಾಗುತ್ತದೆ ಎಂಬುದು ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದ ಪಂಡಿತನ ಕಥೆ ಕೇಳಿದ ನಮಗೆಲ್ಲ ಗೊತ್ತು. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ, ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಹೇಳಿ ಜನರನ್ನು ಕೂರಿಸಿ ಇದನ್ನೇ ತೋರಿಸಿದರು. ಗಂಟೆ ಬಾರಿಸುತ್ತಲೇ ಇತ್ತು.

ಹಳೆಯ ರೂಲ್ಡ್ ಪುಸ್ತಕವೊಂದಕ್ಕೆ ಅಂಕಣ ಎಳೆದೆ. ಏನಾಯಿತು, ಮನಸ್ಸು ಏನೆಂದಿತು, ಅದನ್ನು ನೂರಕ್ಕೆ ಎಷ್ಟು ನಂಬಿದೆ, ಪರವಾಗಿ ಏನಿದೆ, ವಿರುದ್ಧ ಏನಿದೆ, ಕೊನೆಗೆ ಏನು ನಡೆಯಿತು. ನಾಲ್ಕನೆಯದಕ್ಕೆ ನಾನಿಟ್ಟ ಹೆಸರು ಓಚರ್, ಅಂದರೆ ಖರ್ಚಿಗೆ ಪುರಾವೆಯಾದ ಚೀಟಿ. ಸಂಘದಲ್ಲಿ ಓಚರ್ ಇಲ್ಲದೆ ಹತ್ತು ರೂಪಾಯಿಯನ್ನೂ ಖರ್ಚಿಗೆ ಬರೆಯುವುದಿಲ್ಲ, ಅಧ್ಯಕ್ಷರೇ ಬಂದು ಹೇಳಿದರೂ ಇಲ್ಲ. ಮನಸ್ಸು ಹೇಳಿದ್ದನ್ನು ಮಾತ್ರ ಬಾಯಿಮಾತಿನ ಮೇಲೆ ಪಾಸು ಮಾಡುತ್ತಿದ್ದೆ.

ಕಷ್ಟವಾದದ್ದು ಮೊದಲನೆಯ ಅಂಕಣ. ‘ಮ್ಯಾನೇಜರ್ ನನ್ನ ಮೇಲೆ ಸಿಟ್ಟಾಗಿದ್ದರು’ ಎಂದು ಬರೆದಿದ್ದೆ. ವೈದ್ಯರು ಅದರ ಕೆಳಗೆ ಗೆರೆ ಎಳೆದು, ‘ಇದನ್ನು ಸಿಸಿ ಟಿವಿ ನೋಡಿತ್ತೇ?’ ಎಂದರು. ಸಿಸಿ ಟಿವಿ ನೋಡಿದ್ದು ಇಷ್ಟೇ: ಮ್ಯಾನೇಜರ್ ನನ್ನ ಕೌಂಟರ್ ಮುಂದಿನಿಂದ ಮಾತಾಡದೆ ಹೋದರು. ಸಿಟ್ಟು ಎಂಬುದು ನಾನು ಸೇರಿಸಿದ್ದು, ‘ನನ್ನ ಮೇಲೆ’ ಎಂಬುದೂ ನಾನೇ ಸೇರಿಸಿದ್ದು. ಈ ಬೇರ್ಪಡಿಸುವಿಕೆ ಕೈಗೆ ಹತ್ತಿದ ಮೇಲೆ ಅರ್ಧ ಕೆಲಸ ಮುಗಿದ ಹಾಗೆ. ಪುಟ ತಿರುವಿದಂತೆ ಇನ್ನೊಂದು ಕಂಡಿತು. ಸಂಗತಿಗಳು ನೂರಾರು, ಆದರೆ ಮನಸ್ಸು ಹೇಳುವ ವಾಕ್ಯಗಳು ಮೂರೋ ನಾಲ್ಕೋ. ‘ನನ್ನಿಂದಲೇ ಆಯಿತು’, ‘ಏನೋ ಕೆಟ್ಟದ್ದು ಆಗಿದೆ’, ‘ಎಲ್ಲರಿಗೂ ಗೊತ್ತಾಗುತ್ತದೆ’. ಅಕ್ಕ ಮೆಸೇಜು ನೋಡಿಯೂ ಉತ್ತರ ಕೊಡದಿದ್ದರೂ ಅದೇ, ಸಂಜೆ ಕ್ಯಾಶ್ ಟ್ಯಾಲಿ ಆಗುವುದು ಹತ್ತು ನಿಮಿಷ ತಡವಾದರೂ ಅದೇ. ಹಳೇ ಗಿರಾಕಿಯ ಮುಖ ಗುರುತು ಹಿಡಿದಂತೆ ಆ ವಾಕ್ಯಗಳ ಗುರುತು ಸಿಕ್ಕಿದ ಮೇಲೆ ಹೆದರಿಕೆ ಕಡಿಮೆಯಾಯಿತು, ಸ್ವಲ್ಪ ಬೇಸರವೂ ಬಂತು.

‘ವಿರುದ್ಧ ಏನಿದೆ’ ಎಂಬಲ್ಲಿ ಬರೆಯುವ ಉತ್ತರಕ್ಕೆ ಸಕ್ಕರೆ ಹಾಕಬಾರದು ಎಂಬುದನ್ನು ಹೇಳಲೇಬೇಕು. ‘ಅಕ್ಕನಿಗೆ ನನ್ನ ಮೇಲೆ ಬಹಳ ಪ್ರೀತಿ’ ಎಂದು ಬರೆದರೆ ನಾನು ನಂಬುವವಳಲ್ಲ. ‘ಅಕ್ಕ ಸಂಜೆ ಹಾಲು ಕರೆಯುವ ಹೊತ್ತಿನಲ್ಲಿ ಎಂದೂ ಉತ್ತರ ಕೊಟ್ಟಿಲ್ಲ’ ಎಂದರೆ ನಂಬುತ್ತೇನೆ. ನಂಬಿಕೆ 90ರಿಂದ 50ಕ್ಕೆ ಇಳಿದರೂ ಸಾಕು, ಅಷ್ಟರಲ್ಲಿ ಎದ್ದು ಅಡುಗೆ ಮಾಡಬಹುದು. ಸೊನ್ನೆಗೆ ಇಳಿಸುತ್ತೇನೆ ಎಂದು ಹಟ ಹಿಡಿದರೆ ಅದೇ ಹೊಸ ಚಿಂತೆಯಾಗುತ್ತದೆ.

ಓಚರ್ ಇರುವ ಚಿಂತೆಗಳೂ ಇವೆ, ಅವುಗಳ ದಾರಿ ಬೇರೆ. ಜುಲೈಯಲ್ಲಿ ಮಳೆ ಬಿಡದೆ ಹೊಡೆಯುವಾಗ ‘ಈ ವರ್ಷ ಅಡಿಕೆ ಎಲ್ಲ ಕೊಳೆ ರೋಗಕ್ಕೆ ಹೋಯಿತು’ ಎಂದಿತು ಮನಸ್ಸು. ತೋಟದಲ್ಲಿ ಎಳೆ ಅಡಿಕೆ ಉದುರಿದ್ದು ನಿಜ. ‘ಎಲ್ಲ’ ಎಂಬುದಕ್ಕೆ ಮಾತ್ರ ಓಚರ್ ಇರಲಿಲ್ಲ. ಅದನ್ನು ಹೊಡೆದು ಹಾಕಿದರೆ ಉಳಿದದ್ದು ಕೆಲಸ: ಎರಡನೇ ಸಲ ಬೋರ್ಡೋ ಮದ್ದು ಹೊಡೆಸುವುದು. ಮಳೆ ಬಿಡುವು ಕೊಟ್ಟ ದಿನಕ್ಕೆ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನನ್ನು ಹಿಡಿಯುವುದೇ ದೊಡ್ಡ ಸಾಹಸ. ಇವರು ಫೋನ್ ಮಾಡಿ ಸುಸ್ತಾಗಿದ್ದರು, ನಾನೇ ಮನೆಗೆ ಹೋಗಿ ಕರೆದು ಬಂದೆ. ಹೋಗಿಬರುವ ಅಷ್ಟು ಹೊತ್ತು ತಲೆಯಲ್ಲಿ ಒಂದು ವಾಕ್ಯವೂ ಏಳಲಿಲ್ಲ.

ಚಿಂತೆಗೆ ಹೊತ್ತು ಗೊತ್ತು ಮಾಡುವ ಉಪಾಯವನ್ನೂ ಮಾಡಿದೆ. ಅಮೆರಿಕದ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲೇ ಪರೀಕ್ಷಿಸಿದ್ದು: ದಿನಕ್ಕೆ ಅರ್ಧ ಗಂಟೆ, ಒಂದೇ ಜಾಗ, ಒಂದೇ ಹೊತ್ತು, ಉಳಿದಂತೆ ಬಂದ ಚಿಂತೆಗಳನ್ನು ಆ ಹೊತ್ತಿಗೆ ಮುಂದೂಡುವುದು. ನನ್ನದು ಸಂಜೆ ಆರೂವರೆ, ಹಿತ್ತಿಲ ಕಟ್ಟೆ. ಅಲ್ಲಿಗೆ ಹೋಗಿ ಕೂತರೆ ಬೆಳಿಗ್ಗೆ ಪ್ರಾಣ ಹಿಂಡಿದ್ದು ಏನೆಂದು ಎಷ್ಟೋ ಸಲ ನೆನಪಾಗುತ್ತಿರಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದರೆ ಪುಸ್ತಕ ಮುಟ್ಟುವುದಿಲ್ಲ, ಆ ಹೊತ್ತಿನ ಯಾವ ತೀರ್ಮಾನವೂ ಬೆಳಗಾಗುವ ತನಕ ಊರ್ಜಿತವಲ್ಲ.

ಪುಸ್ತಕ ಎಲ್ಲದಕ್ಕೂ ಮದ್ದಲ್ಲ. ವಾರಗಟ್ಟಲೆ ಊಟ ನಿದ್ದೆ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಬರೆಯುತ್ತ ಕೂರದೆ ವೈದ್ಯರನ್ನು ಕಾಣಬೇಕು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಿಗುತ್ತದೆ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ನನಗೆ ಹೆಚ್ಚು ಕಲಿಸಿದ್ದು ಕೊನೆಯ ಅಂಕಣ. ಸಂಘದ ವಾರ್ಷಿಕ ಸಭೆಯಲ್ಲಿ ವರದಿ ಓದಲು ನನಗೆ ಹೇಳಿದರು. ‘ನಾಲಿಗೆ ತೊದಲುತ್ತದೆ, ಸದಸ್ಯರು ನಗುತ್ತಾರೆ, ಆಮೇಲೆ ಯಾರ ಮುಖವನ್ನೂ ನೋಡಲಾಗುವುದಿಲ್ಲ’ ಎಂದು ಮೊದಲೇ ಬರೆದಿಟ್ಟೆ, ನಂಬಿಕೆ 95. ನಾಲಿಗೆ ತೊದಲಿತು, ‘ಮೀಸಲು ನಿಧಿ’ ಎನ್ನುವಲ್ಲಿ. ನಗಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ; ಹಿಂದಿನ ಸಾಲಿನವರು ಊಟದ ಕೂಪನ್ನಿನ ಗಡಿಬಿಡಿಯಲ್ಲಿದ್ದರು, ಮುಂದಿನ ಸಾಲಿನ ಹಿರಿಯರೊಬ್ಬರು ಡಿವಿಡೆಂಡ್ ಯಾಕೆ ಕಡಿಮೆ ಎಂದು ಮ್ಯಾನೇಜರನ್ನು ತರಾಟೆಗೆ ತೆಗೆದುಕೊಂಡರು. ಮೂರು ಭವಿಷ್ಯದಲ್ಲಿ ಒಂದು ನಿಜವಾಯಿತು, ಅದೂ ಅರ್ಧ ನಿಮಿಷದ್ದು. ಇಂಥ ನಮೂದುಗಳು ಕೂಡುತ್ತ ಹೋದಾಗ ಮನಸ್ಸಿನ ಜ್ಯೋತಿಷ್ಯದ ಮೇಲೆ ನನಗಿದ್ದ ಭಕ್ತಿ ತಾನಾಗಿಯೇ ಕರಗಿತು. ಯಾರ ಭಾಷಣದಿಂದಲೂ ಅದು ಆಗುತ್ತಿರಲಿಲ್ಲ.

ಮುಂದಿನ ವರ್ಷದ ವರದಿಯನ್ನೂ ನಾನೇ ಓದಬೇಕಂತೆ. ಹೋದ ಸಲದ್ದನ್ನೇ ಮನಸ್ಸು ಮತ್ತೆ ಹೇಳುತ್ತಿದೆ, ಬರೆದಿಟ್ಟಿದ್ದೇನೆ. ನಂಬಿಕೆ 60.