ಚಪ್ಪಟೆ ಹಲಗೆಯಿಂದ ಐದು ಬೆರಳು ಹೇಗೆ ಬರುತ್ತವೆ?

ಕೈಬೆರಳುಗಳನ್ನು ಒಮ್ಮೆ ಅಗಲಿಸಿ ನೋಡಿ. ಎರಡು ಬೆರಳುಗಳ ಬುಡದ ನಡುವೆ ತೆಳು ಚರ್ಮದ ಮಡಿಕೆ ಕಾಣುತ್ತದೆ. ನೀವು ತಾಯಿಯ ಹೊಟ್ಟೆಯಲ್ಲಿ 2 ಸೆಂಟಿಮೀಟರೂ ಇಲ್ಲದಿದ್ದಾಗ ಬೆರಳುಗಳ ನಡುವೆ ಸಂದೇ ಇರಲಿಲ್ಲ. ಅಲ್ಲಿದ್ದ ಜೀವಕೋಶಗಳು ಸತ್ತಿದ್ದರಿಂದ ಬೆರಳು ಬಿಡಿಬಿಡಿಯಾದವು. ಅದೂ ಸುಮ್ನೆ ಸಾಯಲಿಲ್ಲ, ಅಪ್ಪಣೆ ಸಿಕ್ಕ ಮೇಲೆ ಸತ್ತವು.

ಮೊದಲು ಹಲಗೆ

ಬೆರಳುಗಳು ಮೊಳಕೆಯ ಹಾಗೆ ಒಂದೊಂದಾಗಿ ಚಿಗುರುತ್ತವೆ ಅಂತ ಅಂದುಕೊಂಡಿರುತ್ತೇವೆ, ಅಲ್ವಾ? ಆದರೆ ಮೊದಲು ಮೂಡುವುದು ದೋಣಿಯ ಹುಟ್ಟಿನಂಥ ಚಪ್ಪಟೆ ಕೈ. ಗರ್ಭ ಕಟ್ಟಿದ ದಿನದಿಂದ ಎಣಿಸಿದರೆ ಆರನೇ ವಾರದ ಹೊತ್ತಿಗೆ ಅದರೊಳಗೆ ಮೆದು ಮೂಳೆಯ ಐದು ಗೀಟುಗಳು ಕಾಣತೊಡಗುತ್ತವೆ. ಗೀಟುಗಳ ನಡುವಿನ ಜಾಗವನ್ನು ಇನ್ನು ಖಾಲಿ ಮಾಡಬೇಕು.

ಆಮೇಲೆ ಅಪ್ಪಣೆ

ಆ ಜಾಗದ ಕೋಶಗಳಿಗೆ ಬಿಎಂಪಿ ಎಂಬ ಪ್ರೋಟೀನುಗಳು ಸುದ್ದಿ ಮುಟ್ಟಿಸುತ್ತವೆ. ತಮಾಷೆ ಏನೆಂದರೆ, ಇವು ಮೊದಲು ಹೆಸರಾಗಿದ್ದು ಮೂಳೆ ಬೆಳೆಸುವ ಕೆಲಸಕ್ಕೆ. ಅದೇ ಪ್ರೋಟೀನು ಪಕ್ಕದ ಕೋಶಕ್ಕೆ ಸಾವಿನ ಸುದ್ದಿ. ಬಾತುಕೋಳಿಯ ಕಾಲಿನಲ್ಲಿ ಗ್ರೆಮ್ಲಿನ್ ಎಂಬ ಇನ್ನೊಂದು ಪ್ರೋಟೀನು ಬಂದು ಬಿಎಂಪಿಯನ್ನು ತಡೆಯುತ್ತದೆ. ಅದಕ್ಕೇ ಅದರ ಬೆರಳುಗಳ ನಡುವೆ ಈಜುವ ಚರ್ಮ ಉಳಿದುಕೊಂಡಿದೆ. ಕೋಳಿಯ ಭ್ರೂಣದಲ್ಲಿ ಬಿಎಂಪಿಯ ದಾರಿ ಕಟ್ಟಿದರೆ ಕೋಳಿಗೂ ಬಾತುಕೋಳಿಯಂಥ ಕಾಲು ಬರುತ್ತದೆ.

ಈಗ ಸಾವು

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಪೆಟ್ಟು ಬಿದ್ದ ಕೋಶ ಊದಿಕೊಂಡು ಒಡೆಯುತ್ತದೆ. ಒಳಗಿನದೆಲ್ಲ ಹೊರಗೆ ಚೆಲ್ಲಿ ಸುತ್ತಲಿನ ಜಾಗ ಕೆಂಪಾಗಿ ಬಾತುಕೊಳ್ಳುತ್ತದೆ. ಅಪ್ಪಣೆ ಸಿಕ್ಕ ಕೋಶ ಹಾಗೆ ರಂಪ ಮಾಡುವುದಿಲ್ಲ. ಅದರೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳಾದ ಮೈಟೊಕಾಂಡ್ರಿಯಗಳ ಹೊರಪೊರೆಯಲ್ಲಿ ತೂತು ಬೀಳುತ್ತದೆ. ಅಲ್ಲಿಂದ ಸೈಟೋಕ್ರೋಮ್ ಸಿ ಹೊರಗೆ ಬರುತ್ತದೆ. ನಿನ್ನೆಯವರೆಗೂ ಕೋಶಕ್ಕೆ ಶಕ್ತಿ ತಯಾರಿಸಲು ದುಡಿಯುತ್ತಿದ್ದ ಪ್ರೋಟೀನು ಅದು! ಹೊರಬಂದು, ನಿದ್ದೆಯಲ್ಲಿದ್ದ ಕ್ಯಾಸ್ಪೇಸ್ ಎಂಬ ಕತ್ತರಿಗಳನ್ನು ಎಬ್ಬಿಸುತ್ತದೆ. ಈ ಕತ್ತರಿಗಳು ಹೊರಗಿನಿಂದ ಬಂದವಲ್ಲ, ಮೊದಲಿನಿಂದಲೂ ಕೋಶದೊಳಗೇ ಇದ್ದವು. ಅವು ಕೋಶದ ಹಂದರವನ್ನು ತುಂಡರಿಸುತ್ತವೆ, ಡಿಎನ್ಎ ಕತ್ತರಿಸುವ ಇನ್ನೊಂದು ಕಿಣ್ವವನ್ನೂ ಬಿಡಿಸಿಬಿಡುತ್ತವೆ. ಕೋಶ ಕುಗ್ಗುತ್ತದೆ, ಮೈಮೇಲೆ ಕುದಿಯುವ ಗಂಜಿಯ ಹಾಗೆ ಗುಳ್ಳೆಗಳೇಳುತ್ತವೆ, ಕೊನೆಗೆ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಒಂದು ಹನಿಯೂ ಸೋರುವುದಿಲ್ಲ.

1972ರಲ್ಲಿ ಕೆರ್, ವೈಲೀ ಮತ್ತು ಕರೀ ಎಂಬ ವಿಜ್ಞಾನಿಗಳು ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವುದಕ್ಕೆ ಹೇಳುವ ಗ್ರೀಕ್ ಪದ ಅದು.

ಕೊನೆಗೆ ಗುಡಿಸುವುದು

ಕೋಶದ ಪೊರೆಯ ಒಳಮೈಯಲ್ಲಿ ಇರುವ ಫಾಸ್ಫಾಟಿಡಿಲ್‌ಸೆರೀನ್ ಎಂಬ ಕೊಬ್ಬು ಸಾಯುವಾಗ ಹೊರಮೈಗೆ ಬರುತ್ತದೆ. ಅದನ್ನು ಗುರುತು ಹಿಡಿದು ಮ್ಯಾಕ್ರೋಫೇಜ್‌ ಎಂಬ ಕಸ ನುಂಗುವ ಕೋಶಗಳು ಪೊಟ್ಟಣಗಳನ್ನು ನುಂಗಿಬಿಡುತ್ತವೆ. ಎಂಟನೇ ವಾರ ಮುಗಿಯುವಷ್ಟರಲ್ಲಿ ಬೆರಳುಗಳು ಬಿಡಿಯಾಗಿರುತ್ತವೆ. ಈ ಕೆಲಸ ಅರ್ಧಕ್ಕೆ ನಿಂತರೆ ಮಗು ಅಂಟಿದ ಬೆರಳುಗಳೊಂದಿಗೆ ಹುಟ್ಟುತ್ತದೆ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಿಂದ ಅವನ್ನು ಬಿಡಿಸಬಹುದು.

ಕೈ ಒಂದು ಉದಾಹರಣೆ ಅಷ್ಟೇ. ಭ್ರೂಣದ ಪುಟ್ಟ ಬಾಲ ಹೋಗುವುದರಲ್ಲೂ ಇದರ ಕೈವಾಡವಿದೆ. ನರಮಂಡಲದ ಹಲವು ಭಾಗಗಳಲ್ಲಿ ಹುಟ್ಟಿದ ನರಕೋಶಗಳಲ್ಲಿ ಸುಮಾರು ಅರ್ಧ ಸಾಯುತ್ತವೆ. ಜಾಸ್ತಿ ಹುಟ್ಟಿಸಿ, ಸರಿಯಾದ ಜಾಗಕ್ಕೆ ಕೈಚಾಚಿ ಪೋಷಣೆ ಪಡೆದವನ್ನು ಮಾತ್ರ ಉಳಿಸಿಕೊಳ್ಳುವ ಲೆಕ್ಕ ಅದು.

ಪಕ್ಕಾ ಲೆಕ್ಕ ಸಿಕ್ಕಿದ್ದು 1 ಮಿಲಿಮೀಟರ್ ಉದ್ದದ ಸಿ. ಎಲೆಗಾನ್ಸ್ ಹುಳುವಿನಲ್ಲಿ. ಅದರ ದ್ವಿಲಿಂಗಿ ಹುಳುವಿನ ಮೈಯಲ್ಲಿ, ಸಂತಾನದ ಕೋಶಗಳನ್ನು ಬಿಟ್ಟು, 1090 ಕೋಶಗಳು ಹುಟ್ಟುತ್ತವೆ, 131 ಸಾಯುತ್ತವೆ, 959 ಉಳಿಯುತ್ತವೆ. ಅಂಥ ಪ್ರತಿ ಹುಳುವಿನಲ್ಲೂ ಅದೇ 131. ಜಾನ್ ಸಲ್‌ಸ್ಟನ್ ಸೂಕ್ಷ್ಮದರ್ಶಕದ ಮುಂದೆ ಕೂತು ಕೋಶಗಳ ಜಾಡು ಹಿಡಿದರು. ಸಾಯಿಸುವ ಜೀನುಗಳನ್ನು ರಾಬರ್ಟ್ ಹಾರ್ವಿಟ್ಜ್ ಹುಡುಕಿದರು. ಈ ಹುಳುವನ್ನು ಅಧ್ಯಯನಕ್ಕೆ ಆರಿಸಿಕೊಂಡ ಸಿಡ್ನಿ ಬ್ರೆನರ್ ಜೊತೆ ಇಬ್ಬರಿಗೂ 2002ರಲ್ಲಿ ನೊಬೆಲ್ ಬಂತು.

ಆ ಜೀನುಗಳಲ್ಲೊಂದಾದ ಸೆಡ್-3 ಕೆಟ್ಟರೆ ಸಾಯಬೇಕಿದ್ದ ಕೋಶಗಳು ಹೆಚ್ಚುಕಡಿಮೆ ಎಲ್ಲವೂ ಉಳಿದುಬಿಡುತ್ತವೆ. ಹುಳು ತನ್ನ ಪಾಡಿಗೆ ಹರಿದಾಡಿಕೊಂಡಿರುತ್ತದೆ. ಇಲಿಯಲ್ಲಿ ಇದೇ ದಾರಿಯ ಏಪಾಫ್-1 ಜೀನನ್ನು ತೆಗೆದು ನೋಡಿದರು. ಮಿದುಳು ಮಿತಿಮೀರಿ ಬೆಳೆಯಿತು, ಬೆರಳುಗಳ ನಡುವೆ ಚರ್ಮ ಹಾಗೇ ಉಳಿಯಿತು, ಬಹುಪಾಲು ಮರಿಗಳು ಹುಟ್ಟುವ ಮೊದಲೇ ಸತ್ತವು.