ಬರೆಯಕ್ಕೆ ಏನೂ ಹೊಳೀತಿಲ್ವಾ? ಹೂವಿನ ಲೆಕ್ಕ ಇಡಿ

ಕವನ ಬರೆಯೋರು, ಚಿತ್ತಾರ ಬಿಡಿಸೋರು, ಧ್ಯಾನಕ್ಕೆ ಕೂತ್ರೂ ಮನಸ್ಸು ನಿಲ್ತಿಲ್ಲ ಅನ್ನೋರು, ಒಂದು ನೋಟ್‌ಬುಕ್ ತಗೊಂಡು ತಾರೀಖಿನ ಬದಲು ಹೂವಿನ ಹೆಸರು ಹಾಕಿ ಬರೀರಿ ಮಾರಾಯ್ರೆ. ನಮ್ಮ ಮಲೆನಾಡಲ್ಲಿ ಇದು ಸುಲಭ, ಬೇಸಿಗೆ ಶುರುವಿಗೆ ಸುರಗಿ, ಮಾರ್ಚ್-ಏಪ್ರಿಲಲ್ಲಿ ಒಂದು ಒಳ್ಳೆ ಮಳೆ ಬಿದ್ರೆ ಎಂಟತ್ತು ದಿನಕ್ಕೆ ಕಾಫಿ ಹೂವು, ಮಳೆಗಾಲ ಹಿಡಿಯೋ ಹೊತ್ತಿಗೆ ಮರದ ಮೇಲೆ ಸೀತಾಳೆ ದಂಡೆ ಅನ್ನೋ ಆರ್ಕಿಡ್ ಹೂವು, ಆಮೇಲೆ ಅಂಗಳದಲ್ಲಿ ಡೇರೆ ಹೂವು (ಡೇಲಿಯಾ), ಚೌತಿ ಹತ್ರ ಬಂತು ಅಂದ್ರೆ ಬೇಲಿ ಮೇಲೆ ಗೌರಿ ಹೂವು.

ಒಂದು ಸಲಕ್ಕೆ ಒಂದೇ ಹೂವು ಸಾಕು. ಗೌರಿ ಹೂವನ್ನೇ ನೋಡಿ, ಎಸಳೆಲ್ಲ ಹಿಂದಕ್ಕೆ ಮಡಚ್ಕೊಂಡು ಮೇಲೆ ನಿಂತಿರತ್ತೆ, ಅಂಚು ಅಲೆ ಅಲೆ, ಬುಡ ಹಳದಿ ತುದಿ ಕೆಂಪು, ದಿನ ಕಳೆದ ಹಾಗೆ ಹಳದಿ ಪೂರ್ತಿ ಕೆಂಪಿಗೆ ತಿರುಗತ್ತೆ, ಎಲೆಯ ತುದೀನೇ ಸುರುಳಿಯಾಗಿ ಬೇಲಿ ಹಿಡ್ಕೊಂಡಿರತ್ತೆ. ಇಷ್ಟು ಬರ್ಕೊಂಡ್ರೆ ಪದ್ಯಕ್ಕೆ ಸಾಮಾನು ಸಿಕ್ತು. (ಗಿಡ ಪೂರ್ತಿ ವಿಷ, ಗೆಡ್ಡೆ ಅಂತೂ ಇನ್ನೂ ಜಾಸ್ತಿ, ಮಕ್ಕಳಿದ್ರೆ ಹುಷಾರು.)

ಧ್ಯಾನಕ್ಕಾದ್ರೆ ನನ್ನ ಓಟು ಸುರಗಿಗೆ, ಒಣಗಿದ್ರೂ ಪರಿಮಳ ಹೋಗಲ್ಲ, ದೇವರ ಮುಂದೆ ಒಂದು ಸರ ಇಟ್ಟು ಕೂತ್ಕೊಳಿ, ಊದುಬತ್ತಿ ಬೇಕಾಗಲ್ಲ. ಸೀತಾಳೆ ದಂಡೆ ಮಾತ್ರ ಮರದಿಂದ ಕಿತ್ತು ತರಬೇಡಿ, ಅಲ್ಲೇ ಹೋಗಿ ನೋಡಿ.